ಕೋಣೆ ನೊಯಿಡಾದಲ್ಲಿ, ಊರು ದೆಹಲಿಯಲ್ಲಿ

ಓಲ್ಡ್ ರಾಜಿಂದರ್ ನಗರದ ಇಬ್ಬರು ಕನ್ನಡಿಗರ ಮಾತುಕತೆ ಇದು. ಒಬ್ಬಳು ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವವಳು. ಇನ್ನೊಬ್ಬರು ದೆಹಲಿಯಲ್ಲಿ ನೌಕರಿ ಮುಗಿಸಿ ಇಲ್ಲೇ ಉಳಿದ ಹಿರಿಯರು.

ಕಿರಿಯಳು: ಲೆಕ್ಕ ಸರಳವಾಗಿದೆ ಸರ್. ಇಲ್ಲಿ ಒಂದು ಮಹಡಿಯನ್ನು ಪ್ಲೈವುಡ್ ಹಲಗೆ ನಿಲ್ಲಿಸಿ ನಾಲ್ಕೈದು ಪಾಲು ಮಾಡುತ್ತಾರೆ, ಒಂದೊಂದು ಪಾಲಿಗೂ ಕೋಣೆ ಎಂದು ಹೆಸರಿಟ್ಟು ಬಾಡಿಗೆ ಹೇಳುತ್ತಾರೆ. ಕಿಟಕಿ ಇದ್ದರೆ ಪುಣ್ಯ. ಇದ್ದರೂ ತೆರೆದರೆ ಕಾಣುವುದು ಪಕ್ಕದ ಕಟ್ಟಡದ ಗೋಡೆ. ನಮ್ಮ ಮೂವರು ಗೆಳತಿಯರ ಬಾಡಿಗೆ ಒಟ್ಟು ಮಾಡಿದರೆ ನೊಯಿಡಾದಲ್ಲಿ ಬಾಲ್ಕನಿ, ಲಿಫ್ಟು, ಗೇಟಿಗೊಬ್ಬ ಕಾವಲುಗಾರ ಇರುವ ಫ್ಲ್ಯಾಟೇ ಸಿಗುತ್ತದೆ. ದೂರ ಎನ್ನುತ್ತೀರಿ. ಆದರೆ ರಾಜೇಂದ್ರ ಪ್ಲೇಸ್‌ನಲ್ಲಿ ನೀಲಿ ಮಾರ್ಗದ ಮೆಟ್ರೊ ಹತ್ತಿದರೆ ನಡುವೆ ಎಲ್ಲೂ ಬದಲಿಸದೆ ಯಮುನೆ ದಾಟಿ ನೊಯಿಡಾ ಎಲೆಕ್ಟ್ರಾನಿಕ್ ಸಿಟಿಯವರೆಗೂ ಹೋಗಬಹುದು. ಗುರುಗ್ರಾಮಕ್ಕಾದರೆ ರಾಜೀವ್ ಚೌಕ್‌ನಲ್ಲಿ ಇಳಿದು ಹಳದಿ ಮಾರ್ಗ ಹಿಡಿಯಬೇಕು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಪಾಠಗಳು ಹೇಗೂ ಮೊಬೈಲಿಗೆ ಬರುತ್ತವೆ. ಹೀಗಿರುವಾಗ ಇಲ್ಲೇ ಯಾಕೆ ಇರಬೇಕು?

ಹಿರಿಯರು: ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನಮ್ಮ. ಕೋಣೆಗೆ ಕೋಣೆ ಇಟ್ಟು ನೋಡಿದರೆ ನೊಯಿಡಾ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಾರಣವೂ ಇದೆ. ಓಲ್ಡ್ ರಾಜಿಂದರ್ ನಗರ ದೇಶ ವಿಭಜನೆಯ ನಂತರ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ಸರ್ಕಾರ ಕಟ್ಟಿದ ಕಾಲೊನಿ. ಪಟೇಲ್ ನಗರ, ಲಾಜಪತ್ ನಗರಗಳೂ ಅದೇ ಕಾಲದವು. ಒಂದು ಕುಟುಂಬಕ್ಕೆ ಒಂದು ಚಿಕ್ಕ ಮನೆ, ಮನೆಗೊಂದು ಅಂಗಳ ಎಂಬ ಅಳತೆಗೆ ಹಾಕಿದ ಬೀದಿಗಳು ಅವು. ಅದೇ ನಿವೇಶನದ ಮೇಲೆ ಈಗ ನಾಲ್ಕು ಮಹಡಿ, ಮಹಡಿಗೆ ನಾಲ್ಕೈದು ಕೋಣೆ. ಚರಂಡಿ, ಬೀದಿಯ ಅಗಲ, ವಿದ್ಯುತ್ ಕಂಬ ಮಾತ್ರ ಹಳೆಯ ಲೆಕ್ಕದವೇ. ನೊಯಿಡಾ ಹಾಗಲ್ಲ, ಉತ್ತರ ಪ್ರದೇಶದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆಯಡಿ 1976ರ ಏಪ್ರಿಲ್ 17ರಂದು, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಹೊಲಗಳ ಮೇಲೆ ಗೆರೆ ಎಳೆದು ಸೆಕ್ಟರ್‌ಗಳಾಗಿ ಹುಟ್ಟಿಸಿದ ಊರು. ಅಗಲ ರಸ್ತೆ, ಗಾಳಿ ಬೆಳಕು ಅಲ್ಲಿ ಸಿಗದಿದ್ದರೇ ಆಶ್ಚರ್ಯ. ಆದರೆ ನೀನು ಕೇಳುತ್ತಿರುವುದು ಯಾವ ಊರಲ್ಲಿ ಬದುಕಬೇಕು ಅಂತ. ಅದಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬಂದ ಮೇಲಿನ ಲೆಕ್ಕ ಬೇಕು. ಸ್ವಂತ ಮನೆ ಇಲ್ಲ, ಗಾಡಿ ಇಲ್ಲ, ನೆಂಟರಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಇಂಥವರಿಗೆ ಊರು ಏನು ಕೊಡುತ್ತದೆ ಅನ್ನುವುದರ ಮೇಲೆ ಎರಡನ್ನೂ ತೂಗೋಣ.

ಕಿರಿಯಳು: ತೂಗಿ. ಇಲ್ಲಿ ಊರು ಕೊಡುವುದೇನು? ತಲೆಯ ಮೇಲೆ ಜೋತಾಡುವ ವೈರು, ಮೊಣಕಾಲುದ್ದ ಮಳೆನೀರು.

ಹಿರಿಯರು: ಅದಕ್ಕೂ ಬರುತ್ತೇನೆ. ಮೊದಲು ಕಾಲ್ನಡಿಗೆಯ ಮಾತು. ಈ ಬಡಾ ಬಜಾರ್ ಮಾರ್ಗದಲ್ಲಿ ನಿಂತುಕೊಂಡರೆ ಊಟದ ಮೆಸ್, ಟಿಫಿನ್ ಕೊಡುವವರು, ಜೆರಾಕ್ಸ್ ಅಂಗಡಿ, ಹಳೆಯ ನೋಟ್ಸ್ ಮಾರುವವರು, ಲೈಬ್ರರಿ ಸೀಟು, ಔಷಧಿ ಅಂಗಡಿ, ದರ್ಜಿ, ಇಷ್ಟಕ್ಕೂ ಗಾಡಿ ಬೇಕಿಲ್ಲ. ಜ್ವರ ಬಂದರೆ ಗಂಗಾರಾಮ್ ಆಸ್ಪತ್ರೆ ಇದೇ ಬಡಾವಣೆಯಲ್ಲಿದೆ. 1921ರಲ್ಲಿ ಲಾಹೋರಿನಲ್ಲಿ ಶುರುವಾಗಿ, ವಿಭಜನೆಯ ನಂತರ ಇಲ್ಲಿಯ ನಿರಾಶ್ರಿತರಂತೆಯೇ ಇತ್ತ ಬಂದ ಸಂಸ್ಥೆ ಅದು. ಕರೋಲ್ ಬಾಗ್, ರಾಜೇಂದ್ರ ಪ್ಲೇಸ್ ಎರಡೂ ಮೆಟ್ರೊ ನಿಲ್ದಾಣಗಳಿಗೆ ನಡೆದು ಹೋಗಬಹುದು. ಓದಿ ತಲೆ ಕಾದರೆ ಶಂಕರ್ ರಸ್ತೆಯ ಆಚೆ ರಿಡ್ಜ್ ಕಾಡು, ಬುದ್ಧ ಜಯಂತಿ ಪಾರ್ಕು ಇವೆ. ರಾತ್ರಿ ಹನ್ನೊಂದಕ್ಕೆ ಲೈಬ್ರರಿಯಿಂದ ಹುಡುಗಿಯೊಬ್ಬಳು ಒಂಟಿಯಾಗಿ ಹೊರಟರೆ ಬೀದಿಯಲ್ಲಿ ಅವಳಂತೆಯೇ ಹೊರಟ ನೂರಾರು ಜನ ಇರುತ್ತಾರೆ, ಚಹಾ ಗಾಡಿಗಳ ದೀಪ ಇನ್ನೂ ಉರಿಯುತ್ತಿರುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಯಾವ ಪೊಲೀಸ್ ಪಹರೆಗಿಂತಲೂ ಹೆಚ್ಚು ಕಾಯುವುದು ಆ ಜನಸಂದಣಿಯೇ. ನೊಯಿಡಾದ ಸೆಕ್ಟರ್‌ಗಳನ್ನು ಹಾಕಿದವರ ತಲೆಯಲ್ಲಿ ಇದ್ದ ಮನುಷ್ಯ ಬೇರೆ. ಮನೆ ಒಂದು ಕಡೆ, ಮಾರುಕಟ್ಟೆ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ. ನಡುವೆ ಆರು ಪಥದ ರಸ್ತೆ. ವಸತಿ ಸಮುಚ್ಚಯಗಳ ಸುತ್ತ ಕಾಂಪೌಂಡು, ಒಳಗೆ ಹೋಗಲು ಒಂದೋ ಎರಡೋ ಗೇಟು. ಕಾರಿದ್ದವರಿಗೆ ಅದು ಅನುಕೂಲ. ಕಾಲಲ್ಲಿ ನಡೆಯುವವರಿಗೆ ಮೆಟ್ರೊ ಇಳಿದ ಮೇಲೆ ಇ-ರಿಕ್ಷಾ, ಗೇಟಿನಿಂದ ಟವರಿಗೆ ಮತ್ತೆ ನಡಿಗೆ, ರಸ್ತೆ ದಾಟಲು ಇನ್ನೊಂದು ಸುತ್ತು. ಊರೊಳಗೆ ಓಡುತ್ತಿದ್ದ ಸಿಟಿ ಬಸ್ಸುಗಳು ಕೋವಿಡ್ ಕಾಲದಲ್ಲಿ ನಿಂತವು, ಮತ್ತೆ ವರ್ಷಗಟ್ಟಲೆ ಬರಲಿಲ್ಲ. ನಮ್ಮಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ದೆಹಲಿ ಅದಕ್ಕೂ ಮುಂಚೆ, 2019ರ ಅಕ್ಟೋಬರ್‌ನಲ್ಲೇ, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿತು. ಉಚಿತವೋ ಟಿಕೆಟ್ಟೋ ಎಂಬ ಪ್ರಶ್ನೆ ಏಳುವುದಕ್ಕೆ ಮೊದಲು ಬಸ್ಸು ಇರಬೇಕಷ್ಟೆ.

ಕಿರಿಯಳು: ಎಲ್ಲವೂ ಒಂದೇ ಬೀದಿಯಲ್ಲಿರುವುದನ್ನು ನೀವು ಹೊಗಳುತ್ತಿದ್ದೀರಿ. ಮೂರು ಜೀವ ಹೋದದ್ದೂ ಅದರಿಂದಲೇ. 2024ರ ಜುಲೈ 27ರ ಸಂಜೆ ಇದೇ ಬೀದಿಯಲ್ಲಿ ಮಳೆನೀರು ಒಂದು ಕೋಚಿಂಗ್ ಕಟ್ಟಡದ ಬೇಸ್‌ಮೆಂಟಿಗೆ ನುಗ್ಗಿತು. ಅದನ್ನು ಲೈಬ್ರರಿ ಮಾಡಿದ್ದರು. ಉತ್ತರ ಪ್ರದೇಶ, ತೆಲಂಗಾಣ, ಕೇರಳದ ಒಬ್ಬೊಬ್ಬರು, ಓದುತ್ತಾ ಕುಳಿತಿದ್ದವರು, ಹೊರಗೆ ಬರಲಿಲ್ಲ. ಅದಕ್ಕೂ ಕೆಲವೇ ದಿನ ಮೊದಲು ಪಟೇಲ್ ನಗರದಲ್ಲಿ ನೀರು ನಿಂತ ರಸ್ತೆಯಲ್ಲಿ ವಿದ್ಯುತ್ ಹರಿದು ಇನ್ನೊಬ್ಬ ಅಭ್ಯರ್ಥಿ ಸತ್ತಿದ್ದ. ಹಿಂದಿನ ವರ್ಷ ಜೂನ್‌ನಲ್ಲಿ ಮುಖರ್ಜಿ ನಗರದ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಹುಡುಗರು ಕಿಟಕಿಯಿಂದ ಹಗ್ಗ ಹಿಡಿದು ಇಳಿದದ್ದನ್ನು ಇಡೀ ದೇಶ ನೋಡಿದೆ. ನೊಯಿಡಾದಲ್ಲಿ ನನ್ನ ರಸ್ತೆ ಬರೀ ಖಾಲಿ ಇರಬಹುದು. ಖಾಲಿ ರಸ್ತೆಯಲ್ಲಿ ಯಾರೂ ಮುಳುಗಿ ಸಾಯುವುದಿಲ್ಲ.

ಹಿರಿಯರು: ಈ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ಆದರೂ ಕಾರಣವನ್ನು ಸರಿಯಾದ ಜಾಗದಲ್ಲಿ ಹುಡುಕಬೇಕು. ಆ ಬೇಸ್‌ಮೆಂಟಿಗೆ ಇದ್ದ ಅನುಮತಿ ವಾಹನ ನಿಲ್ಲಿಸಲು, ಸಾಮಾನು ಇಡಲು. ಜನ ಕೂತು ಓದಲು ಅಲ್ಲ. ಅಂದರೆ ದೆಹಲಿಯ ನಿಯಮವೇ ಆ ಲೈಬ್ರರಿಯನ್ನು ತಡೆದಿತ್ತು. ನಿಯಮ ಪಾಲನೆ ಮಾಡಿಸಬೇಕಾದವರು ಕಣ್ಣುಮುಚ್ಚಿದ್ದರು. ಮಿಶ್ರ ಬಳಕೆ, ಅಂದರೆ ಮನೆಯ ಬೀದಿಯಲ್ಲಿ ಅಂಗಡಿ, ತರಗತಿಗಳಿಗೆ ಅವಕಾಶ ಕೊಡುವುದು, 2007ರಲ್ಲಿ ಜಾರಿಗೆ ಬಂದ ದೆಹಲಿ ಮಾಸ್ಟರ್ ಪ್ಲಾನ್ ಒಪ್ಪಿದ ವಿಷಯ. ಅದು ಬೀದಿಗೆ ಜೀವ ತರುತ್ತದೆ ಅನ್ನುವುದು ನನ್ನ ವಾದ. ಆ ಜೀವ ಉಳಿಯಬೇಕಾದರೆ ಚರಂಡಿ ಹೂಳು ತೆಗೆಯುವವನು, ಕಟ್ಟಡ ತಪಾಸಣೆ ಮಾಡುವವನು ತನ್ನ ಕೆಲಸ ಮಾಡಬೇಕು. ಬೀದಿಯ ದಟ್ಟಣೆಯೇ ಸಾವಿಗೆ ಕಾರಣ ಎಂದುಬಿಟ್ಟರೆ ಎಂಜಿನಿಯರಿಗೂ ಮಾಲೀಕನಿಗೂ ಅದಕ್ಕಿಂತ ಖುಷಿಯ ಸುದ್ದಿ ಇನ್ನೊಂದಿಲ್ಲ.

ಕಿರಿಯಳು: ಆ ಕಣ್ಣುಮುಚ್ಚಿದವರನ್ನು ಎಚ್ಚರಿಸಿರಲಿಲ್ಲವೇ? ಒಂದು ತಿಂಗಳ ಮೊದಲೇ ಅಭ್ಯರ್ಥಿಯೊಬ್ಬ ಆ ಬೇಸ್‌ಮೆಂಟಿನ ಬಗ್ಗೆಯೇ ಲಿಖಿತವಾಗಿ ದೂರು ಕೊಟ್ಟಿದ್ದ, ಮತ್ತೆ ನೆನಪಿಸಿಯೂ ಇದ್ದ. ಇಲ್ಲಿ ಕೌನ್ಸಿಲರ್ ಇದ್ದಾರೆ, ಶಾಸಕರಿದ್ದಾರೆ, ಸಂಸದರಿದ್ದಾರೆ. ಯಾರಿದ್ದು ಏನಾಯಿತು?

ಹಿರಿಯರು: ನನ್ನ ವಾದದ ಗಂಟು ಇಲ್ಲೇ ಇದೆ, ನಿಧಾನವಾಗಿ ಬಿಡಿಸುತ್ತೇನೆ. ದೂರು ಕೊಟ್ಟಾಗ ಯಾರೂ ಕೇಳಲಿಲ್ಲ, ನಿಜ. ಸಾವಾದ ಮೇಲೆ ಏನಾಯಿತು ನೋಡು. ಮರುದಿನದಿಂದಲೇ ಅಭ್ಯರ್ಥಿಗಳು ಈ ರಸ್ತೆಯಲ್ಲಿ ಧರಣಿ ಕೂತರು, ದಿನಗಟ್ಟಲೆ ಏಳಲಿಲ್ಲ. ಪಾಲಿಕೆ ಒಬ್ಬ ಎಂಜಿನಿಯರನ್ನು ಕೆಲಸದಿಂದ ತೆಗೆಯಿತು, ಇನ್ನೊಬ್ಬನನ್ನು ಅಮಾನತಿನಲ್ಲಿಟ್ಟಿತು. ಹಲವು ಬೇಸ್‌ಮೆಂಟುಗಳಿಗೆ ಬೀಗಮುದ್ರೆ ಬಿತ್ತು. ಒಂದು ವಾರ ತುಂಬುವ ಮೊದಲೇ, ಆಗಸ್ಟ್ 2ರಂದು, ದೆಹಲಿ ಹೈಕೋರ್ಟ್ ತನಿಖೆಯನ್ನು ಪೊಲೀಸರ ಕೈಯಿಂದ ಸಿಬಿಐಗೆ ಕೊಟ್ಟಿತು. ಆಗಸ್ಟ್ 5ಕ್ಕೆ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇಷ್ಟರಿಂದ ಹೋದವರು ಬರಲಿಲ್ಲ. ಇದನ್ನು ದೆಹಲಿಯ ಸಾಧನೆ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಬಾಡಿಗೆಗೆ ಬಂದವರು, ಇಲ್ಲಿ ಮತವೇ ಇಲ್ಲದವರು, ಒಂದೇ ವಾರದಲ್ಲಿ ಒಂದು ಮಹಾನಗರದ ಆಡಳಿತವನ್ನು ಉತ್ತರ ಕೊಡುವ ಸ್ಥಿತಿಗೆ ತಂದು ನಿಲ್ಲಿಸಿದರು. ಸಾವಿರಾರು ಬಾಡಿಗೆದಾರರು ಒಂದೇ ಬೀದಿಯಲ್ಲಿ ವಾಸವಾಗಿದ್ದರಿಂದ, ಉತ್ತರ ಕೊಡಬೇಕಾದ ಕಚೇರಿಗೆ ಒಂದು ವಿಳಾಸ ಇದ್ದುದರಿಂದ ಅದು ಆಯಿತು.

ಈಗ ಯಮುನೆಯ ಆಚೆ ನೋಡು. ಸೆಕ್ಟರ್ 93ಎಯಲ್ಲಿ ಒಂದು ವಸತಿ ಸಮುಚ್ಚಯದವರು ತಮ್ಮ ಹಸಿರು ಜಾಗದಲ್ಲಿ ಎರಡು ಗೋಪುರ ಏಳುತ್ತಿರುವುದನ್ನು ಕಂಡು ಮೊದಲು ನೊಯಿಡಾ ಪ್ರಾಧಿಕಾರದ ಬಾಗಿಲು ಬಡಿದರು. ನಕ್ಷೆಯ ಪ್ರತಿಯನ್ನೇ ಕೊಡಲಿಲ್ಲ. 2012ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಹೋದರು. 2014ರ ಏಪ್ರಿಲ್‌ನಲ್ಲಿ ಕೆಡವುವ ಆದೇಶ ಬಂತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2021ರ ಆಗಸ್ಟ್ 31ರಂದು, ಗೋಪುರಗಳು ನೆಲಕ್ಕೆ ಬಿದ್ದದ್ದು 2022ರ ಆಗಸ್ಟ್ 28ರಂದು. ಪ್ರಾಧಿಕಾರದ ಅಧಿಕಾರಿಗಳೂ ಬಿಲ್ಡರೂ ಕೈಜೋಡಿಸಿದ್ದರೆಂದು ತೀರ್ಪೇ ಹೇಳಿತು. ಟೀವಿಯವರಿಗೆ ಆ ಸ್ಫೋಟ ಹಬ್ಬವಾಗಿತ್ತು. ಅದರ ಹಿಂದಿನ ಹತ್ತು ವರ್ಷ ಯಾರೂ ತೋರಿಸಲಿಲ್ಲ. ಆಮ್ರಪಾಲಿ ಎಂಬ ಬಿಲ್ಡರ್ ಕಂಪನಿಯ ಪ್ರಕರಣವೂ ಇಂಥದೇ. ನೊಯಿಡಾ, ಗ್ರೇಟರ್ ನೊಯಿಡಾಗಳಲ್ಲಿ 42,000ಕ್ಕೂ ಹೆಚ್ಚು ಮಂದಿ ದುಡ್ಡು ಕಟ್ಟಿ ಮನೆ ಸಿಗದೆ ಕೂತಿದ್ದರು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಮುಂದೆ ಬಂದು ಸರ್ಕಾರಿ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿಗೆ ಕಟ್ಟಡ ಮುಗಿಸಲು ಹೇಳಬೇಕಾಯಿತು. ಇವರೆಲ್ಲ ಮನೆ ಕೊಂಡವರು, ವಕೀಲರಿಗೆ ಕೊಡಲು ಹಣ ಇದ್ದವರು. ಅವರಿಗೇ ಹತ್ತು ವರ್ಷ ಬೇಕಾದಾಗ ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರಳ ಗತಿ ಏನು?

ಕಿರಿಯಳು: ಬಿಲ್ಡರುಗಳ ಮೋಸ ಎಲ್ಲಿ ಇಲ್ಲ?

ಹಿರಿಯರು: ಮೋಸ ಎಲ್ಲ ಕಡೆ ಇದೆ. ಮೋಸವಾದಾಗ ಯಾರ ಕೊರಳಪಟ್ಟಿ ಹಿಡಿಯಬೇಕು ಅನ್ನುವುದು ಎಲ್ಲ ಕಡೆ ಒಂದೇ ರೀತಿ ಇಲ್ಲ. ನೊಯಿಡಾಗೆ ಮಹಾನಗರ ಪಾಲಿಕೆ ಇಲ್ಲ ಅನ್ನುವುದು ನಿನಗೆ ಗೊತ್ತಿರಬೇಕು. ಸಂವಿಧಾನದ 243ಕ್ಯೂ ವಿಧಿ ನಿನ್ನ ಸಿಲೆಬಸ್ಸಿನಲ್ಲೇ ಇದೆ. ಕೈಗಾರಿಕಾ ಟೌನ್‌ಶಿಪ್ ಎಂದು ರಾಜ್ಯ ಸರ್ಕಾರ ಘೋಷಿಸಿದ ಜಾಗದಲ್ಲಿ ಪುರಸಭೆ ಇರಬೇಕಾಗಿಲ್ಲ ಎಂಬ ಒಂದು ಸಣ್ಣ ವಿನಾಯಿತಿ ಅಲ್ಲಿದೆ. 2001ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶ ಆ ವಿನಾಯಿತಿಯಡಿ ನೊಯಿಡಾವನ್ನು ಸೇರಿಸಿತು. 2011ರ ಜನಗಣತಿಯ ಹೊತ್ತಿಗೇ ಆ ಊರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ. ಇಷ್ಟು ಜನರಿಗೆ ಒಬ್ಬ ವಾರ್ಡ್ ಸದಸ್ಯ ಇಲ್ಲ, ಒಬ್ಬ ಮೇಯರ್ ಇಲ್ಲ. ಜಮೀನು ಹಂಚುವುದು, ನಕ್ಷೆ ಒಪ್ಪುವುದು, ಕಸ ಎತ್ತುವುದು, ನೀರು ಬಿಡುವುದು ಎಲ್ಲವೂ ಒಂದೇ ಪ್ರಾಧಿಕಾರದ ಕೈಯಲ್ಲಿ. ಅದರ ಮೇಲೆ ಸರ್ಕಾರ ಕಳುಹಿಸಿದ ಒಬ್ಬ ಐಎಎಸ್ ಅಧಿಕಾರಿ. ನೀನು ಕಷ್ಟಪಟ್ಟು ಓದುತ್ತಿರುವುದು ಆ ಕುರ್ಚಿಗಾಗಿಯೇ ಇರಬಹುದು, ಬೇಸರ ಮಾಡಿಕೊಳ್ಳಬೇಡ. ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೂ 2013ರಿಂದ ಇಂಥ ಟೌನ್‌ಶಿಪ್ ಪ್ರಾಧಿಕಾರ ಇದೆ. ಅದು ಬಹುಪಾಲು ಕಂಪನಿಗಳ ಜಾಗ, ಸಂಜೆಗೆ ಖಾಲಿಯಾಗುವಂಥದ್ದು. ಲಕ್ಷಾಂತರ ಜನ ಮಲಗಿ ಏಳುವ ಊರನ್ನು ಹಾಗೇ ಬಿಡುವುದು ಬೇರೆ ಮಾತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ನೊಯಿಡಾಗೆ ಪಾಲಿಕೆಯ ಸ್ವರೂಪ ಕೊಡುವ ಬಗ್ಗೆ ಯೋಚಿಸಿ ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿದೆ.

ಕಿರಿಯಳು: ಬೆಂಗಳೂರಿನ ಹೆಸರು ನೀವೇ ಎತ್ತಿದಿರಿ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ; ಆಮೇಲೆ ಪಾಲಿಕೆಯನ್ನೇ ಐದಾಗಿ ಒಡೆದರು. ಅಷ್ಟು ದಿನ ಅಧಿಕಾರಿಗಳೇ ಊರು ನಡೆಸಿದರು. ಆ ಲೆಕ್ಕದಲ್ಲಿ ಬೆಂಗಳೂರಿಗೂ ನೊಯಿಡಾಗೂ ಏನು ವ್ಯತ್ಯಾಸ? ಇನ್ನು ನನ್ನ ಮತ ಇರುವುದು ಊರಲ್ಲಿ. ಈ ವಾರ್ಡಿನ ಕೌನ್ಸಿಲರಿಗೆ ನಾನು ಯಾರು? ಇಲ್ಲಿ ಮತ ಇರುವುದು ಮಾಲೀಕನಿಗೆ, ಬೇಸ್‌ಮೆಂಟ್ ಬಾಡಿಗೆಗೆ ಕೊಡುವವನಿಗೆ. ಕೌನ್ಸಿಲರ್ ಯಾರ ಮಾತು ಕೇಳುತ್ತಾರೆ ಎಂದು ಹೇಳಬೇಕೇ?

ಹಿರಿಯರು: ಎರಡೂ ಪ್ರಶ್ನೆ ಗಟ್ಟಿಯಾದವು. ಬೆಂಗಳೂರಿನಲ್ಲಿ ಆದದ್ದು ನಾಚಿಕೆಗೇಡು. ಆದರೆ ಅದು ತಪ್ಪು ಎಂದು ಎಲ್ಲರಿಗೂ ಗೊತ್ತಿದ್ದ ತಪ್ಪು. ಕೋರ್ಟಿಗೆ ಹೋದರು, ಪತ್ರಿಕೆಗಳು ಬರೆದವು, ಸರ್ಕಾರ ನೆಪ ಹುಡುಕಬೇಕಾಯಿತು. ನೊಯಿಡಾದಲ್ಲಿ ಸರ್ಕಾರ ನೆಪವನ್ನೂ ಹುಡುಕಬೇಕಿಲ್ಲ, ಯಾಕೆಂದರೆ ಅಲ್ಲಿ ಚುನಾವಣೆ ಇಲ್ಲದಿರುವುದೇ ವ್ಯವಸ್ಥೆ. ಹತ್ತಿರದವರೇ ಆಳಬೇಕೆಂಬ ಆಸೆ ಜನರಿಗೆ ಎಷ್ಟಿರುತ್ತದೆ ಎಂದು ತಿಳಿಯಲು ಧಾರವಾಡ ನೋಡು. ಅದೂ ನಿನ್ನಂಥವರ ಊರು, ಸಪ್ತಾಪುರದ ತುಂಬ ಕೋಚಿಂಗ್ ಬೋರ್ಡುಗಳು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಒಂದೇ ಪಾಲಿಕೆಯಡಿ ಬಂದವು, ನಡುವೆ ಚಿಗರಿ ಬಸ್ಸುಗಳು ಓಡುತ್ತವೆ. ಆದರೂ ತಮ್ಮ ಪಾಲು ಹುಬ್ಬಳ್ಳಿಗೇ ಹೋಗುತ್ತದೆ ಎಂದು ಧಾರವಾಡದವರು ಪ್ರತ್ಯೇಕ ಪಾಲಿಕೆಗಾಗಿ ವರ್ಷಗಟ್ಟಲೆ ಹೋರಾಡಿ, 2025ರ ಜನವರಿಯಲ್ಲಿ ಸಂಪುಟದ ಒಪ್ಪಿಗೆ ಪಡೆದರು. ಎರಡು ಊರನ್ನು ಹೋಲಿಸುವವರು ಸಾಮಾನ್ಯವಾಗಿ ಪೇಡೆಯನ್ನೋ ಮಳೆಯನ್ನೋ ಹೋಲಿಸುತ್ತಾರೆ. ಅಲ್ಲಿಯ ಜನ ಹೋಲಿಸಿದ್ದು ಪಾಲಿಕೆಯ ಬಜೆಟ್ಟನ್ನು.

ಮತದ ವಿಷಯದಲ್ಲಿ ನೀನು ಹೇಳಿದ್ದು ಪೂರ್ತಿ ಸರಿ, ಆದರೆ ಅರ್ಧ ಮಾತ್ರ ಹೇಳಿದೆ. ಮತ ಊರಲ್ಲೇ ಇರಬೇಕೆಂದು ಕಾನೂನು ಹೇಳುವುದಿಲ್ಲ. 1950ರ ಜನಪ್ರತಿನಿಧಿ ಕಾಯ್ದೆ ನೋಡುವುದು ಮತದಾರ ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದಾನೆ ಎಂಬುದನ್ನು. ಓದಲು ಬಂದು ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವವರು ಅಲ್ಲಿಯೇ ಹೆಸರು ಸೇರಿಸಬಹುದು. ಓಲ್ಡ್ ರಾಜಿಂದರ್ ನಗರದ ಅಭ್ಯರ್ಥಿಗಳಲ್ಲಿ ಕಾಲು ಪಾಲು ಜನ ಇಲ್ಲಿ ಮತದಾರರಾದರೂ ಸಾಕು, ಈ ವಾರ್ಡಿನ ಚರಂಡಿಯ ಹೂಳು ಮೇ ತಿಂಗಳಲ್ಲೇ ಎದ್ದುಬಿಡುತ್ತದೆ. ಸಂವಿಧಾನದ ವಿಧಿಗಳನ್ನು ಬಾಯಿಪಾಠ ಹೇಳುವ ಇಷ್ಟು ಜನ ಒಂದೆಡೆ ಸೇರಿ, ಒಬ್ಬ ಕೌನ್ಸಿಲರನ್ನು ಹೆದರಿಸಲಾರದೆ ಕೂತಿರುವುದು ನನಗಂತೂ ಸೋಜಿಗ. ನೊಯಿಡಾಗೆ ಹೋಗಿ ಹೆಸರು ಸೇರಿಸಿದರೆ ಶಾಸಕರನ್ನೂ ಸಂಸದರನ್ನೂ ಆರಿಸಬಹುದು. ನಿನ್ನ ಬೀದಿಯ ದೀಪಕ್ಕೆ ಹೊಣೆಯಾದವನನ್ನು ಆರಿಸಲಾಗುವುದಿಲ್ಲ.

ಕಿರಿಯಳು: ಕಾನೂನಿನ ಮಾತಿಗೆ ನನ್ನ ಹತ್ತಿರವೂ ಒಂದು ಕಾನೂನು ಇದೆ. ಉತ್ತರ ಪ್ರದೇಶ 2021ರಲ್ಲಿ ಹೊಸ ಬಾಡಿಗೆ ಕಾಯ್ದೆ ತಂದಿದೆ. ಕರಾರು ಬರವಣಿಗೆಯಲ್ಲೇ ಇರಬೇಕು, ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಸ್ವರ್ಗ. ದೆಹಲಿಯದು 1958ರ ಬಾಡಿಗೆ ನಿಯಂತ್ರಣ ಕಾಯ್ದೆ, ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದೇ ಇಲ್ಲ. ಆ ಮೊತ್ತಕ್ಕೆ ಇಲ್ಲಿ ಮಂಚವೂ ಸಿಗುವುದಿಲ್ಲ. 1995ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು, ಅದು ಜಾರಿಗೇ ಬರಲಿಲ್ಲ. ಮಾಲೀಕ ಮನಸ್ಸಿಗೆ ಬಂದಂತೆ ಏರಿಸುತ್ತಾನೆ. ಸಬ್‌ಮೀಟರ್ ಇಟ್ಟು ಯೂನಿಟ್ಟಿಗೆ ತನ್ನದೇ ದರ ಹಾಕುತ್ತಾನೆ; ತಿಂಗಳಿಗೆ 200 ಯೂನಿಟ್ ಉಚಿತ ವಿದ್ಯುತ್ ಎಂಬುದು ಬಾಡಿಗೆದಾರಳಿಗೆ ಪೇಪರಿನಲ್ಲಿ ಓದುವ ಸುದ್ದಿ.

ಹಿರಿಯರು: ಇದರಲ್ಲಿ ನೊಯಿಡಾ ಮುಂದಿದೆ. ದೆಹಲಿ ಈ ವಿಷಯದಲ್ಲಿ ಬಾಡಿಗೆದಾರರಿಗೆ ಮಾಡಿದ್ದು ದ್ರೋಹ, ಮುಚ್ಚುಮರೆ ಯಾಕೆ? 1995ರ ಕಾಯ್ದೆಯನ್ನು ತಡೆದದ್ದು ಹಳೆಯ ಬಾಡಿಗೆಗೆ ಅಂಗಡಿ ಹಿಡಿದು ಕೂತಿದ್ದ ವ್ಯಾಪಾರಿಗಳ ಬಲ. ಅದರ ಬೆಲೆಯನ್ನು ಈಗ ನೀವು ತೆರುತ್ತಿದ್ದೀರಿ. ಬಾಡಿಗೆದಾರರು ತಮ್ಮ ಹೆಸರಿಗೇ ಪ್ರೀಪೇಯ್ಡ್ ಮೀಟರ್ ಹಾಕಿಸಿಕೊಳ್ಳುವ ಯೋಜನೆಯನ್ನು 2019ರಲ್ಲಿ ದೆಹಲಿ ಸರ್ಕಾರ ತಂದಿತ್ತು. ಮಾಲೀಕನನ್ನು ಎದುರು ಹಾಕಿಕೊಂಡು ಮೀಟರ್ ಹಾಕಿಸುವವರು ಎಷ್ಟು ಮಂದಿ? ಒಂದು ಮಾತು ಮಾತ್ರ ಸೇರಿಸುತ್ತೇನೆ. ಉತ್ತರ ಪ್ರದೇಶದ ಕಾಯ್ದೆಯ ನೆರಳು ಬೀಳುವುದು ಬರೆದ ಕರಾರಿನ ಮೇಲೆ. ನೊಯಿಡಾದಲ್ಲಿ ನಿಜವಾಗಿ ಅಗ್ಗದ ಕೋಣೆಗಳಿರುವುದು ನೀನು ಹೇಳುವ ಗೇಟಿನ ಫ್ಲ್ಯಾಟುಗಳಲ್ಲಿ ಅಲ್ಲ. ಹರೌಲಾ, ಮಮೂರಾ, ಅಟ್ಟಾದಂಥ ಹಳ್ಳಿಗಳಲ್ಲಿ. ಸುತ್ತಲಿನ ಹೊಲ ಹೋಗಿ, ಮನೆಗಳಷ್ಟೇ ಉಳಿದ ಹಳ್ಳಿಗಳು ಅವು. ಅಲ್ಲಿಯ ಓಣಿಗಳು ಓಲ್ಡ್ ರಾಜಿಂದರ್ ನಗರಕ್ಕಿಂತ ಇಕ್ಕಟ್ಟು. ಗೇಟಿನ ಒಳಗಿನ ಫ್ಲ್ಯಾಟಿನ ಬಾಗಿಲು ಮೂವರು ಮದುವೆಯಾಗದ ಹುಡುಗಿಯರಿಗೆ ಎಷ್ಟು ಸುಲಭವಾಗಿ ತೆರೆಯುತ್ತದೆ ಎಂಬುದನ್ನು ಬ್ರೋಕರ್ ಹತ್ತಿರ ಕೇಳು. ಬಿಹಾರದವರು, ಮುಸ್ಲಿಮರು, ಈಶಾನ್ಯದವರು ಎಂದರೆ ಇನ್ನೂ ಕಷ್ಟ. ಇಲ್ಲಿ ಮಾಲೀಕರಿಗೆ ಅಭ್ಯರ್ಥಿಗಳೇ ಅನ್ನ, ಹಾಗಾಗಿ ಯಾವ ರಾಜ್ಯದವರನ್ನೂ ಒಳಗೆ ಬಿಡುತ್ತಾರೆ. ಪ್ರೀತಿಯಿಂದ ಏನಲ್ಲ.

ಕಿರಿಯಳು: ಗಾಳಿ, ನೀರು?

ಹಿರಿಯರು: ಗಾಳಿಗೆ ಗಡಿ ಇಲ್ಲ. ನವೆಂಬರ್‌ನಲ್ಲಿ ಎರಡೂ ಕಡೆ ಒಂದೇ ಹೊಗೆ, ಮಾಲಿನ್ಯ ಮಿತಿಮೀರಿದಾಗ ಜಾರಿಯಾಗುವ ನಿರ್ಬಂಧಗಳೂ ಇಡೀ ರಾಜಧಾನಿ ವಲಯಕ್ಕೆ ಒಂದೇ. ನೀರಿನಲ್ಲಿ ನೊಯಿಡಾ ಸ್ವಲ್ಪ ಹಿಂದೆ: ಗಂಗಾ ಕಾಲುವೆಯ ನೀರಿಗೆ ಅಂತರ್ಜಲ ಬೆರೆಸಿ ಕೊಡುತ್ತಾರೆ, ಗಡಸು ಎಂದು ಜನ ಗೊಣಗುತ್ತಾರೆ. ದೆಹಲಿಯ ನಲ್ಲಿಯಲ್ಲಿ ನೀರು ಮೃದು, ಬರುವ ಹೊತ್ತಿಗೆ ಮಾತ್ರ ನೀನು ಎದ್ದಿರಬೇಕು. ಇದರ ಮೇಲೆ ಊರು ಆರಿಸುವುದು ಬೇಡ. ಸಮಯದ ಲೆಕ್ಕ ಹಾಕು. ಫ್ಲ್ಯಾಟಿನಿಂದ ನಿಲ್ದಾಣ, ನಿಲ್ದಾಣದಿಂದ ರಾಜೇಂದ್ರ ಪ್ಲೇಸ್, ಹೋಗಿ ಬರುವುದಕ್ಕೆ ಎರಡು ಗಂಟೆಗೆ ಕಡಿಮೆಯಿಲ್ಲ, ದಿನಕ್ಕೆ ನೂರು ರೂಪಾಯಿಯ ಆಸುಪಾಸು ಖರ್ಚು. ದೆಹಲಿ ಮೆಟ್ರೊದಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಇಲ್ಲ. ಪಾಠ ಮೊಬೈಲಿಗೆ ಬರುತ್ತದೆ ಎಂದೆ. ಹಾಗಾದರೆ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೂತು ಓದಬಹುದು, ನೊಯಿಡಾವೂ ಬೇಕಿಲ್ಲ. ಅಷ್ಟು ದೂರದಿಂದ ಇಲ್ಲಿಗೆ ಬರುವುದು ಉತ್ತರಪತ್ರಿಕೆ ತಿದ್ದುವವರಿಗಾಗಿ, ಜೊತೆಗೆ ಕೂತು ಚರ್ಚಿಸುವವರಿಗಾಗಿ, ಹಿಂದಿನ ವರ್ಷ ಸಂದರ್ಶನಕ್ಕೆ ಹೋಗಿ ಬಂದವರ ಮಾತಿಗಾಗಿ. ಅವರೆಲ್ಲ ಸಿಗುವುದು ಬೀದಿಯಲ್ಲಿ. ಕನ್ನಡದ ವಿಷಯವೂ ಹಾಗೇ. ರಾಜೇಂದ್ರ ಪ್ಲೇಸ್‌ನಿಂದ ಪಶ್ಚಿಮಕ್ಕೆ ರಾಜೌರಿ ಗಾರ್ಡನ್‌ವರೆಗೆ ಹೋಗಿ ಗುಲಾಬಿ ಮಾರ್ಗ ಹಿಡಿದರೆ ಮೋತಿ ಬಾಗ್ ನಿಲ್ದಾಣ ಬರುತ್ತದೆ. ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಹತ್ತಿರವೇ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ. ಯಕ್ಷಗಾನವೋ ನಾಟಕವೋ ಇದ್ದ ಭಾನುವಾರ ಹೋಗಿ ಬಾ. ನೊಯಿಡಾದಿಂದಲೂ ಹೋಗಬಹುದು, ಆದರೆ ಕೊನೆಯ ಮೆಟ್ರೊ ಹಿಡಿಯುವ ಆತುರದಲ್ಲಿ ಕೊನೆಯ ಅಂಕ ನೋಡುವುದಿಲ್ಲ.

ಕಿರಿಯಳು: ಅಂದರೆ ನೊಯಿಡಾ ಯಾರಿಗೂ ಬೇಡವೇ?

ಹಿರಿಯರು: ಹಾಗೆಂದರೆ ಸುಳ್ಳಾಗುತ್ತದೆ. ಸೆಕ್ಟರ್ 62ರಲ್ಲೋ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೋ ಕೆಲಸವಿದ್ದು, ಕಾರಿದ್ದು, ಮಕ್ಕಳನ್ನು ಶಾಲೆಗೆ ಕಳಿಸುವ ಕುಟುಂಬಕ್ಕೆ ನೊಯಿಡಾ ದೆಹಲಿಗಿಂತ ಒಳ್ಳೆಯ ಊರು. ಅವರಿಗೆ ಬೇಕಾದ್ದನ್ನು ಗೇಟಿನ ಒಳಗೇ ಕೊಂಡುಕೊಳ್ಳುತ್ತಾರೆ: ಕಾವಲು, ಜನರೇಟರ್, ಆಟದ ಜಾಗ, ಎಲ್ಲಕ್ಕೂ ತಿಂಗಳ ಮೆಂಟೆನೆನ್ಸ್. ಪಾಲಿಕೆ ಇಲ್ಲದ ಕೊರತೆಯನ್ನು ದುಡ್ಡಿನಿಂದ ಮುಚ್ಚುತ್ತಾರೆ. ಮುಚ್ಚಲು ದುಡ್ಡಿಲ್ಲದವರಿಗೆ ಊರು ತಾನೇ ಕೊಡಬೇಕು, ಆ ಕೆಲಸದಲ್ಲಿ ದೆಹಲಿ ಮುಂದು. ಕೆಟ್ಟದಾಗಿ ಕೊಡುತ್ತದೆ, ತಡವಾಗಿ ಕೊಡುತ್ತದೆ, ಬೈದರೆ ಮಾತ್ರ ಕೊಡುತ್ತದೆ. ಆದರೂ ಬೈಯಲು ಒಬ್ಬರು ಇದ್ದಾರೆ.

ಕಿರಿಯಳು: ಓಲ್ಡ್ ರಾಜಿಂದರ್ ನಗರದಲ್ಲೇ ಇರಿ ಎನ್ನುತ್ತೀರಾ?

ಹಿರಿಯರು: ದೆಹಲಿಯಲ್ಲಿ ಇರು ಎನ್ನುತ್ತೇನೆ. ಈ ಬೀದಿಯೇ ಆಗಬೇಕೆಂದಿಲ್ಲ. ಒಂದೆರಡು ನಿಲ್ದಾಣ ಆಚೆ ಶಾದಿಪುರದ ಕಡೆ ಹೋದರೂ ನಾನು ಹೇಳಿದ್ದರಲ್ಲಿ ಬಹುಪಾಲು ಸಿಗುತ್ತದೆ, ಬಾಡಿಗೆ ಇಳಿಯುತ್ತದೆ. ಎಲ್ಲಿ ಹಿಡಿದರೂ ಮಳೆ ಬಂದ ದಿನ ಹೋಗಿ ಬೀದಿ ನೋಡು, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಎದುರಿನ ಅಂಗಡಿಯವನನ್ನು ಕೇಳು. ಬೇಸ್‌ಮೆಂಟಿನ ಲೈಬ್ರರಿ ಎಷ್ಟು ಅಗ್ಗವಾದರೂ ಬೇಡ. ಬೆರಳಚ್ಚು ಒತ್ತಿದರೆ ಮಾತ್ರ ತೆರೆಯುವ ಒಂದೇ ಬಾಗಿಲಿನ ಕೋಣೆಯಂತೂ ಬೇಡವೇ ಬೇಡ. ದೂರು ಕೊಟ್ಟರೆ ನಂಬರು ಇಟ್ಟುಕೊಳ್ಳಿ, ಮೂವರೂ ಸಹಿ ಹಾಕಿ. ಆಮೇಲೆ ಕರಾರು ಪತ್ರದ ಪ್ರತಿ ಹಿಡಿದು ಮತದಾರರ ಪಟ್ಟಿಗೆ ಫಾರಂ 8 ತುಂಬಿ, ಊರಿನ ಮತವನ್ನು ಇಲ್ಲಿಗೆ ವರ್ಗ ಮಾಡಿಸಿಕೊಳ್ಳಿ. ದೆಹಲಿ ಪಾಲಿಕೆಗೆ ಕಳೆದ ಚುನಾವಣೆ ಆದದ್ದು 2022ರ ಡಿಸೆಂಬರ್‌ನಲ್ಲಿ. ಮುಂದಿನದು 2027ರಲ್ಲಿ ಬರಬೇಕು.